ಆಪಲ್‌ನ ಕಮಾಂಡ್ ಲೈನ್ ಟೂಲ್ಸ್: ಓಎಸ್ ಅಪ್‌ಗ್ರೇಡ್ ಆದ ಮೇಲೂ ನಂಬಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಮ್ಯಾಕ್‌ನಲ್ಲಿ ಸೋರ್ಸ್ ಕೋಡ್ ತಂದು ತಾವೇ ಕಂಪೈಲ್ ಮಾಡಿಕೊಳ್ಳುವವರಿಗೆ, ಅಂದರೆ ಅದನ್ನು ಓಡುವ ಪ್ರೋಗ್ರಾಂ ಆಗಿ ಮಾಡಿಕೊಳ್ಳುವವರಿಗೆ, ಆಪಲ್ ಪುಕ್ಕಟೆಯಾಗಿ ಕೊಡುವ ಕಮಾಂಡ್ ಲೈನ್ ಟೂಲ್ಸ್ ಸಾಕು. ಆ್ಯಪ್ ತಯಾರಿಸಲು ಆಪಲ್ ಕೊಡುವ ದೊಡ್ಡ ಸಾಫ್ಟ್‌ವೇರ್ ಎಕ್ಸ್‌ಕೋಡ್ ಪೂರ್ತಿ ಬೇಡ. ಐಫೋನ್ ಆ್ಯಪ್ ಬರೆಯುವವರ ವಿಷಯ ಬೇರೆ. ನಾನು ಹೇಳುತ್ತಿರುವುದು ಟರ್ಮಿನಲ್‌ನಲ್ಲಿ ಸಿ, ಸಿ ಪ್ಲಸ್ ಪ್ಲಸ್ ಕೋಡ್ ಬಿಲ್ಡ್ ಮಾಡುವವರ ಬಗ್ಗೆ. ಪೈಥಾನ್, ರೂಬಿ, ಆರ್ ಪ್ಯಾಕೇಜ್ ಹಾಕುವಾಗ ಹಿಂದೆ ಸದ್ದಿಲ್ಲದೆ ಕಂಪೈಲರ್ ಓಡುತ್ತದಲ್ಲ, ಅಂಥವರಿಗೂ ಇದೇ ಮಾತು. ಒಂದೇ ಕಮಾಂಡ್, ಎಕ್ಸ್‌ಕೋಡ್-ಸೆಲೆಕ್ಟ್‌ಗೆ ಇನ್‌ಸ್ಟಾಲ್ ಆಪ್ಷನ್ ಕೊಟ್ಟರೆ ಒಂದು ಕಿಟಕಿ ತೆರೆದುಕೊಂಡು ಎಲ್ಲ ಇಳಿಸಿಕೊಳ್ಳುತ್ತದೆ. ಈ ದಾರಿಯಲ್ಲಿ ಆಪಲ್ ಐಡಿ ಕೂಡ ಕೇಳುವುದಿಲ್ಲ. ಕ್ಲ್ಯಾಂಗ್ ಕಂಪೈಲರ್, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್, ಕೋಡ್‌ನ ಆವೃತ್ತಿಗಳ ಲೆಕ್ಕ ಇಡುವ ಗಿಟ್, ಬಿಲ್ಡ್ ಹಂತಗಳನ್ನು ಓಡಿಸುವ ಮೇಕ್, ಡೀಬಗ್ಗರ್, ಪೈಥಾನ್ 3, ಜೊತೆಗೆ ಓಎಸ್‌ನ ಹೆಡರ್ ಫೈಲ್‌ಗಳಿರುವ (ಯಾವ ಫಂಕ್ಷನ್‌ಗಳಿವೆ ಅಂತ ಕಂಪೈಲರ್‌ಗೆ ತಿಳಿಸುವ ಫೈಲ್‌ಗಳು) ಎಸ್‌ಡಿಕೆ ಅನ್ನುವ ಕಿಟ್, ಎಲ್ಲ ಬರುತ್ತದೆ.

ಹಾಗಾದರೆ ತಕರಾರು ಎಲ್ಲಿ? ಅಪ್‌ಗ್ರೇಡ್ ಆದ ಮಾರನೇ ದಿನ. ನಿನ್ನೆವರೆಗೆ ಕಂಪೈಲ್ ಆಗುತ್ತಿದ್ದ ಅದೇ ಕೋಡ್ ಇವತ್ತು ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್‌ನ ಹೆಡರ್, ಅಂದರೆ ‘ಎಸ್‌ಟಿಡಿಐಓ ಡಾಟ್ ಎಚ್’ ಸಿಗಲಿಲ್ಲ ಅನ್ನುತ್ತದೆ. ಸಿ ಕಲಿಯುವಾಗ ಮೊದಲ ದಿನ, ಮೊದಲ ಸಾಲಲ್ಲಿ ಬರೆಯುವ ಫೈಲ್ ಅದು. ಅದೇ ಇಲ್ಲ ಅಂದರೆ ಯಾರಿಗಾದರೂ ಗಾಬರಿ ಆಗುತ್ತದೆ, ಅಲ್ವಾ? ಫೈಲ್ ಎಲ್ಲೂ ಹೋಗಿರುವುದಿಲ್ಲ. ಜಾಗ ಬದಲಾಗಿರುತ್ತದೆ, ಅಷ್ಟೇ. ಆದರೆ ಅಷ್ಟನ್ನು ಎರರ್ ಮೆಸೇಜ್ ಹೇಳುವುದಿಲ್ಲ. ನನ್ನ ಪ್ರಕಾರ ಈ ಟೂಲ್ಸ್‌ನ ದೊಡ್ಡ ಕೊರತೆ ಇದೇ.

ಈ ಜಾಗ ಬದಲಾವಣೆ ಇವತ್ತಿನದಲ್ಲ. 2012ರ ಫೆಬ್ರವರಿಯಲ್ಲಿ ಎಕ್ಸ್‌ಕೋಡ್ 4.3 ಬಂದಾಗ, ಡಿಸ್ಕ್‌ನ ಬುಡದಲ್ಲೇ ಇದ್ದ ‘ಡೆವಲಪರ್’ ಫೋಲ್ಡರ್ ಎತ್ತಿ ಎಕ್ಸ್‌ಕೋಡ್ ಆ್ಯಪ್‌ನ ಹೊಟ್ಟೆಯೊಳಗೆ ಇಟ್ಟರು. ಆಗಲೇ ಕಮಾಂಡ್ ಲೈನ್ ಟೂಲ್ಸ್ ಅನ್ನೋದು ಬೇರೆ ಡೌನ್‌ಲೋಡ್ ಆಯಿತು. 2013ರಲ್ಲಿ ಮ್ಯಾಕ್ ಓಎಸ್‌ನ ಮ್ಯಾವೆರಿಕ್ಸ್ ಆವೃತ್ತಿ ಬಂದಾಗ ಇನ್‌ಸ್ಟಾಲ್ ಕಮಾಂಡ್ ಬಂತು, ಟೂಲ್ಸ್‌ಗೆ ‘ಲೈಬ್ರರಿ’ ಫೋಲ್ಡರ್‌ನ ಒಳಗಿನ ‘ಡೆವಲಪರ್’ನಲ್ಲಿ ಅದರದೇ ಜಾಗ ಆಯಿತು. 2015ರಲ್ಲಿ ಎಲ್ ಕ್ಯಾಪಿಟನ್ ‘ಯುಎಸ್ಆರ್’ ಫೋಲ್ಡರ್‌ಗೆ ಬೀಗ ಹಾಕಿತು. ಅಡ್ಮಿನ್ ಪಾಸ್‌ವರ್ಡ್ ಇದ್ದರೂ ಅದರೊಳಗೆ ಬರೆಯುವ ಹಾಗಿಲ್ಲ, ‘ಲೋಕಲ್’ ಅನ್ನುವ ಒಳಫೋಲ್ಡರ್ ಮಾತ್ರ ಬಿಟ್ಟರು. ಅದೇ ವರ್ಷದ ಎಸ್‌ಡಿಕೆಯಿಂದ, ನೆಟ್‌ವರ್ಕ್ ಸಂಪರ್ಕವನ್ನು ಸುರಕ್ಷಿತ ಮಾಡುವ ಓಪನ್‌ಎಸ್‌ಎಸ್‌ಎಲ್‌ನ ಹೆಡರ್‌ಗಳೂ ಹೋದವು. ನೆಟ್‌ವರ್ಕ್ ಕೆಲಸ ಮಾಡುವ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ ಅಲ್ಲಿಗೇ ನಿಂತಿತು.

ದೊಡ್ಡ ಪೆಟ್ಟು ಬಿದ್ದಿದ್ದು 2018ರ ಸೆಪ್ಟೆಂಬರ್‌ನಲ್ಲಿ, ಮೊಹಾವಿ ಬಂದಾಗ. ಯುನಿಕ್ಸ್ ಕಾಲದಿಂದ ಹೆಡರ್ ಅಂದರೆ ‘ಯುಎಸ್ಆರ್/ಇನ್‌ಕ್ಲೂಡ್’ನಲ್ಲಿ ಇರುತ್ತವೆ ಅನ್ನುವುದು ಎಲ್ಲರ ಬೆರಳತುದಿಯಲ್ಲಿ ಕೂತ ವಿಷಯ. ಎಷ್ಟೋ ಮೇಕ್‌ಫೈಲ್‌ಗಳಲ್ಲಿ ಆ ದಾರಿಯನ್ನು ನೇರವಾಗಿ ಬರೆದೇ ಇಟ್ಟಿದ್ದರು. ಎಕ್ಸ್‌ಕೋಡ್ 10ರ ಜೊತೆ ಬಂದ ಟೂಲ್ಸ್ ಆ ಫೋಲ್ಡರ್‌ಗೆ ಏನೂ ಹಾಕಲಿಲ್ಲ. ಹೆಡರ್ ಎಲ್ಲ ಎಸ್‌ಡಿಕೆ ಒಳಗೆ ಮಾತ್ರ. ಹಳೇ ಪದ್ಧತಿಯೇ ಬೇಕು ಅನ್ನುವವರಿಗೆ ಒಂದು ಪ್ಯಾಕೇಜ್ ಇಟ್ಟಿದ್ದರು, ಟೂಲ್ಸ್ ಫೋಲ್ಡರ್‌ನ ‘ಪ್ಯಾಕೇಜಸ್’ ಒಳಗೆ. ಅದನ್ನು ಡಬಲ್ ಕ್ಲಿಕ್ ಮಾಡಿದರೆ ಹಳೇ ಜಾಗಕ್ಕೇ ಹೆಡರ್ ಬಂದು ಕೂರುತ್ತಿತ್ತು. ಮುಂದೆ ಇದನ್ನು ಕೊಡುವುದಿಲ್ಲ ಅಂತ ರಿಲೀಸ್ ನೋಟ್ಸ್‌ನಲ್ಲೇ ಬರೆದಿದ್ದರು. ಹೇಳಿದ ಹಾಗೆ 2019ರ ಕ್ಯಾಟಲಿನಾಗೆ ಆ ಪ್ಯಾಕೇಜ್ ಇಲ್ಲ, ಜೊತೆಗೆ ಸಿಸ್ಟಮ್ ಇರುವ ಡಿಸ್ಕ್ ಭಾಗವೇ ಓದಲು ಮಾತ್ರ ಅಂತಾಯಿತು. ಇವತ್ತಿಗೂ ಹುಡುಕಿದರೆ ‘ಆ ಪ್ಯಾಕೇಜ್ ಹಾಕಿ’ ಅನ್ನುವ 2018ರ ಉತ್ತರವೇ ಮೇಲೆ ಸಿಗುತ್ತದೆ. ದಯವಿಟ್ಟು ಅದರ ಹಿಂದೆ ಹೋಗಬೇಡಿ. ಹೊಸ ಮ್ಯಾಕ್‌ಗಳಲ್ಲಿ ಆ ದಾರಿ ಮುಚ್ಚಿದೆ.

2020ರ ಬಿಗ್ ಸರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರೋಗ್ರಾಂಗಳೆಲ್ಲ ಹಂಚಿಕೊಂಡು ಬಳಸುವ ಸಿಸ್ಟಮ್‌ನ ಲೈಬ್ರರಿ ಫೈಲ್‌ಗಳೇ ಡಿಸ್ಕ್‌ನಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ. ಎಲ್ಲವನ್ನೂ ಸೇರಿಸಿ ಒಂದು ಕ್ಯಾಶ್ ಮಾಡಿ ಇಟ್ಟಿದ್ದಾರೆ. ಪ್ರೋಗ್ರಾಂ ಓಡುವಾಗ ಅಲ್ಲಿಂದಲೇ ತಗೊಳ್ಳುತ್ತದೆ. ಲಿಂಕ್ ಮಾಡುವಾಗ ಎಸ್‌ಡಿಕೆಯಲ್ಲಿ ‘ಟಿಬಿಡಿ’ ಅನ್ನುವ ಸಣ್ಣ ಪಠ್ಯ ಫೈಲ್‌ಗಳಿವೆ, ಈ ಲೈಬ್ರರಿಯಲ್ಲಿ ಇಂತಿಂಥ ಫಂಕ್ಷನ್ ಇದೆ ಅಂತ ಬರೆದ ಪಟ್ಟಿ ಅಷ್ಟೇ. ಒಂದನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ, ಓದಲು ಬರುತ್ತದೆ. ಇದು ಗೊತ್ತಿಲ್ಲದ ಹಳೇ ಬಿಲ್ಡ್ ಸ್ಕ್ರಿಪ್ಟ್ ಏನು ಮಾಡುತ್ತದೆ ಅಂದರೆ, ‘ಯುಎಸ್ಆರ್/ಲಿಬ್’ನಲ್ಲಿ ಫೈಲ್ ಇದೆಯಾ ಅಂತ ಕಣ್ಣು ಹಾಯಿಸಿ, ಇಲ್ಲ ಅಂತ ತೀರ್ಮಾನಿಸಿ ನಿಂತುಬಿಡುತ್ತದೆ. ಲೈಬ್ರರಿ ಇದ್ದೇ ಇದೆ. ಹುಡುಕುವ ರೀತಿ ಹಳೇದು.

ಇದನ್ನೆಲ್ಲ ನೋಡಿ ಆಪಲ್ ಸುಮ್ನೆ ಕಿರಿಕಿರಿ ಮಾಡುತ್ತಿದೆ ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಹೆಡರ್‌ಗಳನ್ನು ಎಸ್‌ಡಿಕೆಗೆ ಸೇರಿಸಿದ್ದು ಸರಿಯಾದ ನಿರ್ಧಾರ. ಓಡುತ್ತಿರುವ ಓಎಸ್ ಒಂದು, ನೀವು ಯಾವ ಓಎಸ್‌ಗಾಗಿ ಬಿಲ್ಡ್ ಮಾಡುತ್ತೀರಿ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಫೋಲ್ಡರ್‌ಗೆ ಗಂಟು ಹಾಕಿದರೆ ಹಿಂದಿನ ಆವೃತ್ತಿಗೆ ಬಿಲ್ಡ್ ಮಾಡುವುದು ಕಷ್ಟ. ಈಗ ಟೂಲ್ಸ್ ಫೋಲ್ಡರ್‌ನ ‘ಎಸ್‌ಡಿಕೆಸ್’ ಒಳಗೆ ನೋಡಿದರೆ ಒಂದಕ್ಕಿಂತ ಹೆಚ್ಚು ಎಸ್‌ಡಿಕೆ ಇರುತ್ತವೆ, ಜೊತೆಗೆ ಆವೃತ್ತಿ ಸಂಖ್ಯೆ ಇಲ್ಲದ ‘ಮ್ಯಾಕ್‌ಓಎಸ್‌ಎಕ್ಸ್ ಡಾಟ್ ಎಸ್‌ಡಿಕೆ’ ಅನ್ನುವ ಒಂದು ಲಿಂಕ್. ಬೇಕಾದ್ದನ್ನು ಆರಿಸಿಕೊಳ್ಳಬಹುದು. ಸಿಸ್ಟಮ್ ಭಾಗಕ್ಕೆ ಬೀಗ ಇರುವುದರಿಂದ ಯಾವುದೋ ಇನ್‌ಸ್ಟಾಲರ್ ಬಂದು ಹೆಡರ್ ಮೇಲೆ ಹೆಡರ್ ಬರೆದು ಹೋಗುವ ಕಾಟವೂ ಇಲ್ಲ. ವ್ಯವಸ್ಥೆ ಚೆನ್ನಾಗಿದೆ. ತಿಳಿಸಿ ಹೇಳುವ ಕೆಲಸ ಚೆನ್ನಾಗಿಲ್ಲ.

ಎರರ್‌ಗಳ ಮಾತಿಗೆ ಬರೋಣ. ಅಪ್‌ಗ್ರೇಡ್ ಆದ ಮೇಲೆ ಹೆಚ್ಚಿನವರು ನೋಡುವ ಮೊದಲ ಸಾಲು, ಬೇಕಾದ ಟೂಲ್ ಹುಡುಕಿ ಓಡಿಸುವ ಎಕ್ಸ್‌ಸಿರನ್ ಅನ್ನುವ ಕಮಾಂಡ್‌ನಿಂದ ಬರುತ್ತದೆ: ಸಕ್ರಿಯ ಡೆವಲಪರ್ ದಾರಿ ಸರಿಯಿಲ್ಲ, ಅಲ್ಲಿ ಎಕ್ಸ್‌ಸಿರನ್ ಇಲ್ಲ. ಗಿಟ್ ಅಂತ ಟೈಪ್ ಮಾಡಿದರೂ ಇದೇ ಸಾಲು. ಗಿಟ್‌ಗೂ ಡೆವಲಪರ್ ದಾರಿಗೂ ಏನು ಸಂಬಂಧ ಅಂತ ಅನ್ನಿಸುತ್ತದೆ. ಕಾರಣ ಇದು. ‘ಯುಎಸ್ಆರ್/ಬಿನ್’ನಲ್ಲಿ ಕಾಣುವ ಗಿಟ್, ಕ್ಲ್ಯಾಂಗ್, ಮೇಕ್ ಯಾವುದೂ ನಿಜವಾದ ಪ್ರೋಗ್ರಾಂ ಅಲ್ಲ. ಬಾಗಿಲಲ್ಲಿ ನಿಂತು ಒಳಗಿನವರನ್ನು ಕರೆಯುವ ಆಳಿನ ಹಾಗೆ, ಟೂಲ್ಸ್ ಎಲ್ಲಿದೆ ಅಂತ ಕೇಳಿ ಅಲ್ಲಿರುವ ನಿಜವಾದ ಪ್ರೋಗ್ರಾಂಗೆ ಕೆಲಸ ದಾಟಿಸುತ್ತವೆ. ಟೂಲ್ಸ್ ಆ ಜಾಗದಲ್ಲಿ ಇಲ್ಲದಿದ್ದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಪರಿಹಾರ ಸುಲಭ, ಮತ್ತೆ ಇನ್‌ಸ್ಟಾಲ್ ಕಮಾಂಡ್ ಕೊಡುವುದು. ಅಷ್ಟನ್ನು ಆ ಎರರ್ ಸಾಲಿನಲ್ಲೇ ಬರೆದಿದ್ದರೆ ಎಷ್ಟು ಜನರ ಸಮಯ ಉಳಿಯುತ್ತಿತ್ತು.

ಎರಡನೆಯದು ಇನ್ನೂ ಕೆಟ್ಟದು. ಬಿಲ್ಡ್‌ಗೆ ಮುಂಚೆ ಸಿಸ್ಟಮ್‌ನಲ್ಲಿ ಏನೇನಿದೆ ಅಂತ ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದರೆ ‘ಸಿ ಕಂಪೈಲರ್‌ಗೆ ಎಕ್ಸಿಕ್ಯೂಟಬಲ್ ಮಾಡಲು ಆಗುತ್ತಿಲ್ಲ’ ಅಂತ ಬರುತ್ತದೆ. ಓದಿದವರು ಕಂಪೈಲರ್ರೇ ಹಾಳಾಗಿದೆ ಅಂದುಕೊಂಡು ಎಲ್ಲ ಅಳಿಸಿ ಮತ್ತೆ ಹಾಕಲು ಹೊರಡುತ್ತಾರೆ. ಮೊದಲು ಅದೇ ಫೋಲ್ಡರ್‌ನಲ್ಲಿ ಇರುವ ‘ಕಾನ್ಫಿಗ್ ಡಾಟ್ ಲಾಗ್’ ತೆರೆಯಿರಿ. ಕೆಳಗಿನಿಂದ ಅಲ್ಲ, ಆ ವಾಕ್ಯ ಮೊದಲು ಬಂದ ಜಾಗ ಹುಡುಕಿ, ಅದರ ಮೇಲಿನ ಕೆಲವು ಸಾಲು ಓದಿ. ನಿಜವಾದ ಕಾರಣ ಅಲ್ಲಿರುತ್ತದೆ. ಎಸ್‌ಡಿಕೆ ದಾರಿ ತಪ್ಪಿದೆ, ಲಿಂಕರ್‌ಗೆ ಸಿಸ್ಟಮ್ ಲೈಬ್ರರಿ ಸಿಗಲಿಲ್ಲ, ಇಂಥದ್ದು ಏನೋ ಒಂದು.

ಮೂರನೆಯದು ಕಣ್ಣಿಗೇ ಬೀಳದ್ದು. 2020ರ ಎಕ್ಸ್‌ಕೋಡ್ 12ರಿಂದ, ಮೊದಲೇ ಘೋಷಿಸದ ಫಂಕ್ಷನ್ ಕರೆದರೆ ಕ್ಲ್ಯಾಂಗ್ ಬರೀ ಎಚ್ಚರಿಕೆ ಕೊಡುವುದಿಲ್ಲ, ಎರರ್ ಅಂತಲೇ ನಿಲ್ಲಿಸುತ್ತದೆ. ಒಳ್ಳೇದೇ. ಆದರೆ ಹಳೇ ಕಾನ್ಫಿಗರ್ ಸ್ಕ್ರಿಪ್ಟ್‌ಗಳು ‘ಈ ಸೌಲಭ್ಯ ಇದೆಯಾ’ ಅಂತ ನೋಡಲು ಬರೆದ ಪುಟ್ಟ ಪರೀಕ್ಷಾ ಕೋಡ್‌ಗಳಲ್ಲಿ ಬೇಕಾದ ಹೆಡರ್ ಸೇರಿಸಿರುವುದೇ ಇಲ್ಲ. ಪರೀಕ್ಷೆ ಫೇಲ್ ಆಗುತ್ತದೆ, ಸ್ಕ್ರಿಪ್ಟ್ ‘ಇಲ್ಲ’ ಅಂತ ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಮುಗಿಯುತ್ತದೆ, ಸೌಲಭ್ಯ ಮಾತ್ರ ಇರುವುದಿಲ್ಲ. ಹಳೇ ಪ್ರಾಜೆಕ್ಟ್ ಬಿಲ್ಡ್ ಮಾಡುವವರು ಕಾನ್ಫಿಗರ್ ಕೊನೆಯಲ್ಲಿ ತೋರಿಸುವ ಪಟ್ಟಿಯನ್ನು ಅಪ್‌ಗ್ರೇಡ್‌ಗೆ ಮುಂಚಿನ ಪಟ್ಟಿಯ ಜೊತೆ ಇಟ್ಟು ನೋಡುವುದು ಒಳ್ಳೇದು.

ಈಗ ನಾನು ಎಲ್ಲರಿಗೂ ಹೇಳುವ ಒಂದು ಕೆಲಸ. ಏನನ್ನೂ ಅಳಿಸುವ ಮೊದಲು, ಏನನ್ನೂ ಹಾಕುವ ಮೊದಲು, ಕಂಪೈಲರ್ ಎಲ್ಲೆಲ್ಲಿ ಹುಡುಕುತ್ತಿದೆ ಅಂತ ಕಂಪೈಲರನ್ನೇ ಕೇಳಿ. ಕ್ಲ್ಯಾಂಗ್‌ಗೆ ಸಣ್ಣ ವಿ, ದೊಡ್ಡ ಇ ಆಪ್ಷನ್ ಕೊಟ್ಟು, ಭಾಷೆ ಸಿ ಅಂತ ಹೇಳಿ, ಫೈಲ್ ಜಾಗದಲ್ಲಿ ‘ಡೆವ್/ನಲ್’ ಕೊಡಿ. ಖಾಲಿ ಫೈಲ್ ಆದ್ದರಿಂದ ಕಂಪೈಲ್ ಮಾಡಲು ಏನೂ ಇಲ್ಲ, ಅದು ತನ್ನ ಹುಡುಕಾಟದ ಪಟ್ಟಿಯನ್ನು ಹೇಳಿ ಮುಗಿಸುತ್ತದೆ. ಮೊದಲು ‘ಯುಎಸ್ಆರ್/ಲೋಕಲ್/ಇನ್‌ಕ್ಲೂಡ್’ ಬರುತ್ತದೆ. ಆಮೇಲೆ ಕ್ಲ್ಯಾಂಗ್‌ನ ಸ್ವಂತ ಹೆಡರ್‌ಗಳ ಫೋಲ್ಡರ್. ಆಮೇಲೆ ಎಸ್‌ಡಿಕೆ ಒಳಗಿನ ‘ಯುಎಸ್ಆರ್/ಇನ್‌ಕ್ಲೂಡ್’. ಕೊನೆಗೆ ಫ್ರೇಮ್‌ವರ್ಕ್‌ಗಳ ಜಾಗ. ಹುಡುಕಿ ಸಿಗದ ಫೋಲ್ಡರ್ ಇದ್ದರೆ ‘ಈ ಜಾಗವೇ ಇಲ್ಲ, ಬಿಟ್ಟುಬಿಟ್ಟೆ’ ಅಂತಲೂ ಪಟ್ಟಿಯ ಮೇಲೆ ಬರೆಯುತ್ತದೆ. ಆ ಸಾಲು ಕಂಡರೆ ಅರ್ಧ ಕೆಲಸ ಮುಗಿಯಿತು. ಎಸ್‌ಡಿಕೆ ಸಾಲಿನಲ್ಲಿ ಹಳೇ ಆವೃತ್ತಿ ಸಂಖ್ಯೆ ಕಂಡರೆ, ಯಾರೋ ಆ ದಾರಿಯನ್ನು ನಿಮ್ಮ ಶೆಲ್ ಸೆಟ್ಟಿಂಗ್‌ನಲ್ಲಿ ಎಸ್‌ಡಿಕೆರೂಟ್ ಅಂತ ಬರೆದಿಟ್ಟಿರಬಹುದು. ಇದ್ದರೆ ತೆಗೆದುಹಾಕಿ. ಎಕ್ಸ್‌ಸಿರನ್‌ಗೆ ಎಸ್‌ಡಿಕೆ ದಾರಿ ತೋರಿಸು ಅಂದರೆ ಸರಿಯಾದ್ದನ್ನು ಅದೇ ಹೇಳುತ್ತದೆ, ಎಕ್ಸ್‌ಕೋಡ್-ಸೆಲೆಕ್ಟ್‌ಗೆ ಪಿ ಆಪ್ಷನ್ ಕೊಟ್ಟರೆ ಯಾವ ಟೂಲ್ಸ್ ಚಾಲ್ತಿಯಲ್ಲಿದೆ ಅಂತ ಗೊತ್ತಾಗುತ್ತದೆ.

ದಾರಿಯನ್ನು ನೆನಪಿಟ್ಟುಕೊಂಡು ಕೂರುವ ಪ್ರೋಗ್ರಾಂಗಳು ಇನ್ನೊಂದು ತಲೆನೋವು. ಬಿಲ್ಡ್ ಸಿದ್ಧಮಾಡಿಕೊಡುವ ಸಿಮೇಕ್ ತನ್ನ ಕ್ಯಾಶ್ ಫೈಲ್‌ನಲ್ಲಿ ಎಸ್‌ಡಿಕೆಯ ಪೂರ್ತಿ ದಾರಿ ಬರೆದುಕೊಂಡಿರುತ್ತದೆ. ಅಪ್‌ಗ್ರೇಡ್ ಆದ ಮೇಲೆ ಆ ಹೆಸರಿನ ಎಸ್‌ಡಿಕೆ ಇಲ್ಲದಿದ್ದರೂ ಅದು ಅಲ್ಲೇ ಹುಡುಕುತ್ತದೆ. ಬಿಲ್ಡ್ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡುವುದೇ ಮದ್ದು. ತೆರೆದ ಸಾಫ್ಟ್‌ವೇರ್‌ಗಳನ್ನು ಇಳಿಸಿ ಹಾಕಿಕೊಡುವ ಹೋಮ್‌ಬ್ರೂನಿಂದ ಹಾಕಿಕೊಂಡ ಇನ್ನೊಂದು ಕಂಪೈಲರ್ ಜಿಸಿಸಿಯೂ ಅದೇ ಜಾತಿ, ಅದನ್ನು ಬಿಲ್ಡ್ ಮಾಡಿದಾಗ ಯಾವ ಎಸ್‌ಡಿಕೆ ಇತ್ತೋ ಅದನ್ನೇ ಹಿಡಿದುಕೊಂಡಿರುತ್ತದೆ. ಓಎಸ್ ಬದಲಾದರೆ ಮೊದಲು ಜಿಸಿಸಿಯನ್ನು ಮತ್ತೆ ಹಾಕಿ, ಆಮೇಲೆ ಉಳಿದದ್ದು. ಅಂದಹಾಗೆ ಟೂಲ್ಸ್‌ನಲ್ಲಿ ಜಿಸಿಸಿ ಅನ್ನುವ ಹೆಸರಿನ ಕಮಾಂಡ್ ಇದೆ, ಆದರೆ ಓಡುವುದು ಕ್ಲ್ಯಾಂಗ್. ನಿಜವಾದ ಜಿಸಿಸಿ ಬೇಕಾದರೆ ಹೆಸರಿನ ಕೊನೆಗೆ ಆವೃತ್ತಿ ಸಂಖ್ಯೆ ಹಾಕಿಯೇ ಕರೆಯಬೇಕು.

ನಾನು ಈ ಟೂಲ್ಸ್ ಜಾಸ್ತಿ ಬಳಸುವುದು ಟೆಸೆರಾಕ್ಟ್‌ಗೆ. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಗುರುತಿಸುವ ತೆರೆದ ಸಾಫ್ಟ್‌ವೇರ್ ಅದು, ಕನ್ನಡಕ್ಕೂ ತರಬೇತಿ ಡೇಟಾ ಇದೆ. ನರಜಾಲ ಬಳಸುವ 4.0 ಆವೃತ್ತಿ ಬಂದಿದ್ದು 2018ರ ಅಕ್ಟೋಬರ್‌ನಲ್ಲಿ, ಅಂದರೆ ಮೊಹಾವಿ ಬಂದ ಮರುತಿಂಗಳೇ. ಬರೀ ಬಳಸುವುದಾದರೆ ಹೋಮ್‌ಬ್ರೂನಲ್ಲಿ ಸಿದ್ಧವಾದದ್ದು ಸಿಗುತ್ತದೆ, ಭಾಷೆಗಳ ಪ್ಯಾಕೇಜ್ ಬೇರೆ ಹಾಕಿಕೊಳ್ಳಬೇಕು. ಹಳೇ ಪುಸ್ತಕದ ಅಚ್ಚಿಗೆ ಹೊಂದುವ ಹಾಗೆ ನಾವೇ ತರಬೇತಿ ಕೊಡಬೇಕು ಅಂದರೆ ಸೋರ್ಸ್‌ನಿಂದ ಬಿಲ್ಡ್ ಮಾಡಿ, ತರಬೇತಿ ಪ್ರೋಗ್ರಾಂಗಳನ್ನೂ ಕಟ್ಟಿಕೊಳ್ಳುವುದು ವಾಸಿ. ಅದಕ್ಕೆ ಚಿತ್ರಗಳನ್ನು ಸಂಸ್ಕರಿಸುವ ಲೆಪ್ಟೋನಿಕಾ, ಯುನಿಕೋಡ್ ಪಠ್ಯ ನೋಡಿಕೊಳ್ಳುವ ಐಸಿಯು, ಅಕ್ಷರ ಜೋಡಿಸುವ ಪ್ಯಾಂಗೋ, ಚಿತ್ರ ಬಿಡಿಸುವ ಕೈರೋ ಅನ್ನುವ ಲೈಬ್ರರಿಗಳೆಲ್ಲ ಬೇಕು.

ಈ ಪಟ್ಟಿಯಲ್ಲಿ ಐಸಿಯು ನೋಡಿ. ಮ್ಯಾಕ್ ಒಳಗೇ ಅದರ ಒಂದು ಪ್ರತಿ ಇದೆ, ಹಾಗಾಗಿ ಹೋಮ್‌ಬ್ರೂ ತನ್ನ ಪ್ರತಿಯನ್ನು ಎಲ್ಲರಿಗೂ ಕಾಣುವ ಫೋಲ್ಡರ್‌ಗೆ ಸೇರಿಸುವುದಿಲ್ಲ, ಬದಿಯಲ್ಲಿ ಇಡುತ್ತದೆ. ಆದ್ದರಿಂದ, ಯಾವ ಲೈಬ್ರರಿ ಎಲ್ಲಿದೆ ಅಂತ ಬಿಲ್ಡ್‌ಗೆ ತಿಳಿಸುವ ಪಿಕೆಜಿ-ಕಾನ್ಫಿಗ್‌ಗೆ ಅದರ ದಾರಿಯನ್ನು ನಾವೇ ಹೇಳಬೇಕು. ಇನ್ನೊಂದು, ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಇರುವುದು ‘ಯುಎಸ್ಆರ್/ಲೋಕಲ್’ನಲ್ಲಿ, ಕ್ಲ್ಯಾಂಗ್ ಅಲ್ಲಿ ತಾನಾಗೇ ಹುಡುಕುತ್ತದೆ. ಎಂ1ರಿಂದ ಈಚಿನ ಮ್ಯಾಕ್‌ಗಳಲ್ಲಿ ಅದು ‘ಆಪ್ಟ್/ಹೋಮ್‌ಬ್ರೂ’ನಲ್ಲಿ. ಅಲ್ಲಿ ಕ್ಲ್ಯಾಂಗ್ ತಾನಾಗಿ ಹುಡುಕುವುದಿಲ್ಲ! ಹಳೇ ಮ್ಯಾಕ್‌ನಿಂದ ಹೊಸದಕ್ಕೆ ಬಂದವರಿಗೆ ಓಎಸ್ ಅಪ್‌ಗ್ರೇಡ್‌ನಷ್ಟೇ ದೊಡ್ಡ ಬದಲಾವಣೆ ಇದು. ಹೆಡರ್‌ಗಾಗಿ ಸಿಪಿಪಿಫ್ಲ್ಯಾಗ್ಸ್, ಲಿಂಕರ್‌ಗಾಗಿ ಎಲ್‌ಡಿಫ್ಲ್ಯಾಗ್ಸ್, ಈ ಎರಡು ಸೆಟ್ಟಿಂಗ್‌ಗೂ ಆ ದಾರಿ ಕೊಡಬೇಕು, ಇಲ್ಲಾ ಪಿಕೆಜಿ-ಕಾನ್ಫಿಗ್ ನಂಬಬೇಕು. ನಾನು ಎರಡನೆಯದನ್ನೇ ಇಷ್ಟಪಡುತ್ತೇನೆ. ಕೈಯಾರೆ ಬರೆದ ದಾರಿ ಮುಂದಿನ ಅಪ್‌ಗ್ರೇಡ್‌ನಲ್ಲಿ ಹಳೇದಾಗುತ್ತದೆ, ಪಿಕೆಜಿ-ಕಾನ್ಫಿಗ್ ಕೇಳಿದಾಗೆಲ್ಲ ಹೊಸದಾಗಿ ನೋಡಿ ಹೇಳುತ್ತದೆ.

ಬಿಲ್ಡ್ ಸರಿಯಾಗಿದೆಯಾ ಅಂತ ನೋಡಲು ನನಗೆ ಇಷ್ಟವಾದ ಪರೀಕ್ಷೆ ‘ಟೆಕ್ಸ್ಟ್ ಟು ಇಮೇಜ್’ ಅನ್ನುವ ತರಬೇತಿ ಪ್ರೋಗ್ರಾಂ. ಪಠ್ಯ ಕೊಟ್ಟರೆ ಅದನ್ನು ಫಾಂಟ್‌ನಲ್ಲಿ ಬರೆದು ಚಿತ್ರ ಮಾಡಿಕೊಡುತ್ತದೆ, ಆ ಚಿತ್ರವೇ ತರಬೇತಿಯ ಸಾಮಗ್ರಿ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ ‘ಸೂರ್ಯ’, ‘ಅರ್ಕಾವತಿ’, ‘ಸ್ತ್ರೀ’ ಅಂತ ಕೊಡಿ. ಅರ್ಕಾವೊತ್ತು ‘ಯ’ದ ಬಲಕ್ಕೆ ಬಂದು ಕೂತಿದೆಯಾ, ‘ಸ್ತ್ರೀ’ಯಲ್ಲಿ ತ ಒತ್ತು, ರ ಒತ್ತು ಎರಡೂ ಸರಿಯಾದ ಜಾಗದಲ್ಲಿವೆಯಾ, ದೀರ್ಘ ಬಿಟ್ಟುಹೋಗಿಲ್ಲವಾ ನೋಡಿ. ಈ ಜೋಡಣೆ ಮಾಡುವುದು ಪ್ಯಾಂಗೋ ಕೆಳಗೆ ಕೂತಿರುವ ಹಾರ್ಫ್‌ಬಝ್. ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಲಿಂಕ್ ಆದ ಲೈಬ್ರರಿಯನ್ನೋ ಫಾಂಟನ್ನೋ ಅನುಮಾನಿಸಿ. ಸರಿಯಾಗಿ ಬಂದರೆ ಹೆಡರ್, ಲೈಬ್ರರಿ, ಫಾಂಟ್ ಎಲ್ಲ ಒಂದಕ್ಕೊಂದು ಹೊಂದಿವೆ ಅಂತ ಧೈರ್ಯವಾಗಿ ಮುಂದೆ ಹೋಗಬಹುದು. ಇಂಗ್ಲಿಷ್ ಪಠ್ಯ ಕೊಟ್ಟು ಪರೀಕ್ಷೆ ಮಾಡಿದರೆ ಇದು ಗೊತ್ತಾಗುವುದೇ ಇಲ್ಲ.

ಕೊರತೆಗಳು ಇನ್ನೂ ಇವೆ. ಕೆಲಸವನ್ನು ಪ್ರೊಸೆಸರ್‌ನ ಹಲವು ಕೋರ್‌ಗಳಿಗೆ ಹಂಚುವ ಓಪನ್‌ಎಂಪಿ ಆಪ್ಷನ್ ಕೊಟ್ಟರೆ ಆಪಲ್‌ನ ಕ್ಲ್ಯಾಂಗ್ ಬೆಂಬಲವಿಲ್ಲ ಅನ್ನುತ್ತದೆ, ಅದರ ಲೈಬ್ರರಿ ಬೇರೆ ಹಾಕಿ ಬೇರೆ ರೀತಿ ಹೇಳಬೇಕು. ಮೇಕ್ ಇನ್ನೂ 3.81, ಅಂದರೆ 2006ರದ್ದು. ಹೊಸ ಮೇಕ್‌ಫೈಲ್‌ಗಳು ಅದರಲ್ಲಿ ಓಡದಿದ್ದರೆ ಆಶ್ಚರ್ಯ ಬೇಡ, ಹೋಮ್‌ಬ್ರೂನಿಂದ ಹೊಸದನ್ನು ಹಾಕಿಕೊಂಡು ಜಿಮೇಕ್ ಅಂತ ಕರೆಯಿರಿ. ಟೂಲ್ಸ್ ತೆಗೆದುಹಾಕಲು ಒಂದು ಬಟನ್ ಇಲ್ಲ, ಫೋಲ್ಡರನ್ನೇ ಅಳಿಸಬೇಕು. ಯಾವ ಆವೃತ್ತಿ ಇದೆ ಅಂತ ತಿಳಿಯಲೂ ನೇರ ದಾರಿ ಇಲ್ಲ. ಪಿಕೆಜಿಯುಟಿಲ್ ಅನ್ನುವ ಕಮಾಂಡ್‌ಗೆ ಪ್ಯಾಕೇಜ್‌ನ ಉದ್ದದ ಹೆಸರು ಕೊಟ್ಟು ಕೇಳಬೇಕು. ಹೋಮ್‌ಬ್ರೂನ ಬ್ರೂ ಕಾನ್ಫಿಗ್ ಕಮಾಂಡ್ ಕೊಟ್ಟರೆ ಅದನ್ನೇ ಒಂದು ಸಾಲಲ್ಲಿ ತೋರಿಸುತ್ತದೆ, ಟೂಲ್ಸ್ ಹಳೇದಾಗಿದ್ದರೆ ಬ್ರೂ ಡಾಕ್ಟರ್ ಬಾಯಿಬಿಟ್ಟು ಹೇಳುತ್ತದೆ. ಆಪಲ್ ಮಾಡಬೇಕಾದ ಕೆಲಸ ಹೋಮ್‌ಬ್ರೂ ಮಾಡುತ್ತಿದೆ, ಆ ತಂಡಕ್ಕೆ ನಿಜವಾಗಿಯೂ ಥ್ಯಾಂಕ್ಸ್ ಹೇಳಬೇಕು. ಹೋಮ್‌ಬ್ರೂ ಬದಲು ಮ್ಯಾಕ್‌ಪೋರ್ಟ್ಸ್ ಬಳಸುವವರು ದೊಡ್ಡ ಅಪ್‌ಗ್ರೇಡ್ ಆದಾಗೆಲ್ಲ ಅವರ ವಲಸೆ ಮಾರ್ಗದರ್ಶಿ ನೋಡಿ ಪೋರ್ಟ್‌ಗಳನ್ನೆಲ್ಲ ಮತ್ತೆ ಹಾಕಿಕೊಳ್ಳಬೇಕು, ಅದರಲ್ಲಿ ಹಂತಹಂತವಾಗಿ ಬರೆದಿದ್ದಾರೆ.

ಲಿನಕ್ಸ್‌ನಲ್ಲಿ ಈ ಗೋಳು ಇಲ್ಲ ಅನ್ನುವವರಿಗೆ ಒಂದು ಮಾತು. 2011ರ ಉಬುಂಟು 11.04 ಲೈಬ್ರರಿಗಳನ್ನು ಪ್ರೊಸೆಸರ್ ಹೆಸರಿನ ಒಳಫೋಲ್ಡರ್‌ಗಳಿಗೆ ಸಾಗಿಸಲು ಶುರು ಮಾಡಿದಾಗ ಅಲ್ಲೂ ಹಳೇ ಕಂಪೈಲರ್‌ಗಳು ತಬ್ಬಿಬ್ಬಾದವು. ಅಲ್ಲಿ ಅನುಕೂಲ ಏನೆಂದರೆ ಹೆಡರ್‌ಗಳು ‘ಡೆವ್’ ಪ್ಯಾಕೇಜ್‌ಗಳಲ್ಲಿ ಹೆಸರಿಟ್ಟು ಸಿಗುತ್ತವೆ, ಯಾವ ಫೈಲ್ ಯಾವ ಪ್ಯಾಕೇಜ್‌ನದು ಅಂತ ಕೇಳಿದರೆ ಸಿಸ್ಟಮ್ಮೇ ಹೇಳುತ್ತದೆ. ಆ ಒಂದು ವಿಷಯದಲ್ಲಿ ಮ್ಯಾಕ್ ಹಿಂದಿದೆ.

ಪೂರ್ತಿ ಎಕ್ಸ್‌ಕೋಡ್ ಹಾಕಿದರೆ ಇದೆಲ್ಲ ತಪ್ಪುತ್ತದಾ? ಇಲ್ಲ. ಅದರದ್ದು ಬೇರೆ ಕಾಟ. ಹತ್ತಾರು ಜಿಬಿ ಜಾಗ ಬೇಕು. ಅಪ್‌ಡೇಟ್ ಆದ ಮೇಲೆ ಲೈಸೆನ್ಸ್‌ಗೆ ಮತ್ತೆ ಒಪ್ಪಿಗೆ ಕೊಡುವವರೆಗೆ ಕಂಪೈಲರ್ ಏಳದೇ ಇರಬಹುದು. ಎರಡೂ ಇದ್ದರೆ ಯಾವುದು ಚಾಲ್ತಿಯಲ್ಲಿದೆ ಅನ್ನುವ ಗೊಂದಲ ಬೇರೆ. ಎಕ್ಸ್‌ಕೋಡ್‌ನ ಬಿಲ್ಡ್ ಕಮಾಂಡ್ ಎಕ್ಸ್‌ಕೋಡ್‌ಬಿಲ್ಡ್ ಬೇಕೇ ಬೇಕು ಅನ್ನುವ ಪ್ರಾಜೆಕ್ಟ್‌ಗಳಿಗೆ ಮಾತ್ರ ಟೂಲ್ಸ್ ಸಾಲುವುದಿಲ್ಲ, ಅಂಥದ್ದು ನಿಮ್ಮ ಪಟ್ಟಿಯಲ್ಲಿ ಇದ್ದರೆ ಪೂರ್ತಿ ಎಕ್ಸ್‌ಕೋಡ್ ಹಾಕಿ.

ಉಳಿದವರು ಅಪ್‌ಗ್ರೇಡ್ ಆದ ತಕ್ಷಣ, ಬೇರೆ ಏನೂ ಮಾಡುವ ಮೊದಲು, ಟೂಲ್ಸ್ ಹೊಸದು ಹಾಕಿ. ಇನ್‌ಸ್ಟಾಲ್ ಕಮಾಂಡ್ ‘ಈಗಾಗಲೇ ಇದೆ’ ಅಂದರೆ ಸಾಫ್ಟ್‌ವೇರ್‌ಅಪ್‌ಡೇಟ್ ಕಮಾಂಡ್‌ನ ಪಟ್ಟಿಯಲ್ಲಿ ಹೊಸ ಆವೃತ್ತಿ ಕಾಣುತ್ತದಾ ನೋಡಿ. ಅಲ್ಲೂ ಕಾಣದಿದ್ದರೆ ಹಳೇ ಟೂಲ್ಸ್ ಫೋಲ್ಡರ್ ಅಳಿಸಿ ಮತ್ತೆ ಕೇಳಿ. ಆಮೇಲೆ ಬ್ರೂ ಅಪ್‌ಗ್ರೇಡ್, ಆಮೇಲೆ ಹಳೇ ಬಿಲ್ಡ್ ಫೋಲ್ಡರ್‌ಗಳಿಗೆ ಕೈ ಹಾಕಿ. ನಾಳೆ ಬೆಳಿಗ್ಗೆ ಯಾರಿಗೋ ಕೆಲಸ ಒಪ್ಪಿಸಬೇಕು ಅಂತಿದ್ದರೆ ಇವತ್ತು ರಾತ್ರಿ ದೊಡ್ಡ ಅಪ್‌ಗ್ರೇಡ್ ಒತ್ತಬೇಡಿ, ಒಪ್ಪಿಸಿ ಆದ ಮೇಲೆ ಒತ್ತಿ.